ಕುಣಿಯುವ ಕುದುರೆ

ಲ್ಯುಬೆನ್‌ನ ಗಿಟಾರಿನಲ್ಲಿ ತಂತಿಗಳನ್ನು ಹೊರುವ ಲೋಹದ ಕುದುರೆ ಮರಕ್ಕೆ ಬಿಗಿಯಾಗಿ ಕೂತಿತ್ತು. ವರ್ಷಾನುಗಟ್ಟಲೆ ಅದರ ಮೇಲೆ ಅವನದು ಯಾವ ದೂರೂ ಇರಲಿಲ್ಲ. ಆ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಪೆಂಕಕ್ಕ ಮೆಟ್ಟಿಲ ಮೇಲಿಂದಲೇ ಕೂಗಿದಳು:

"ಲ್ಯುಬೆನ್! ನಿಮ್ಮ ನೆವೇನಾ ವಿಯೆನ್ನಾದಿಂದ ಬಂದಿದ್ದಾಳಂತೆ ಕಣೋ! ಹಳಬರನ್ನ ನೋಡೋಕೆ ಸಂಜೆ ನೀನು ಬಾರಿಸೋ ಹೋಟೆಲಿಗೇ ಬರ್ತಾಳಂತೆ!"

ಲ್ಯುಬೆನ್‌ನ ಕಾಫಿ ಅಂಗಿಯ ಮೇಲೆ ಬಿತ್ತು. ಒಂದು ಕಾಲದಲ್ಲಿ ರೂಸೆ ಊರಿನ ಅವರ ತಂಡದಲ್ಲಿ ನೆವೇನಾ ಹಾಡುತ್ತಿದ್ದಳು, ಇವನು ಬಾರಿಸುತ್ತಿದ್ದ. ಹೇಳಬೇಕಾದ ಒಂದು ಮಾತನ್ನು ನಾಳೆ, ನಾಡಿದ್ದು ಎಂದು ಮುಂದೂಡುತ್ತಿದ್ದಾಗಲೇ ಅವಳು ರೈಲು ಹತ್ತಿದ್ದಳು. ಇವತ್ತಿಗೂ ಆ ರೈಲಿನ ಸದ್ದಿಗೆ ಅವನ ಕೈ ತಂತಿಯ ಮೇಲೆ ನಿಂತುಬಿಡುತ್ತಿತ್ತು.

ಮದುವೆಗಳಲ್ಲಿ ಬಾರಿಸುವ ಮಿಂಚೋ ಮಹಡಿಯಿಂದ ಇಳಿದು ಬಂದ. "ಈ ಗಿಟಾರಲ್ಲಿ ಬಾರಿಸ್ತೀಯಾ? ಇದರ ಕುದುರೆ ಗೂಟಕ್ಕೆ ಕಟ್ಟಿದ ಹಾಗಿದೆ. ಶ್ರುತಿ ಕೆಡಲ್ಲ ನಿಜ, ಆದ್ರೆ ಒಂದು ತೊಟ್ಟು ಕಣ್ಣೀರೂ ಬರಲ್ಲ. ನಂದು ತಗೋ."

ಅವನ ಗಿಟಾರಿನ ಕುದುರೆ ಒಳಗಿನ ಸ್ಪ್ರಿಂಗುಗಳ ಮೇಲೆ ತೇಲುತ್ತಿತ್ತು. ಅದಕ್ಕೆ ಸಿಕ್ಕಿಸಿದ ಸಲಾಕೆ ಒತ್ತಿದರೆ ಕುದುರೆ ಓಲಾಡಿ, ಸ್ವರ ಬಿಕ್ಕಿ ಬಿಕ್ಕಿ ಅಳುತ್ತಿತ್ತು.

"ಬಾಯಲ್ಲಂತೂ ಹೇಳ್ಲಿಲ್ಲ, ಗಿಟಾರಾದ್ರೂ ಹೇಳ್ಲಿ ಬಿಡೋ," ಎಂದಳು ಪೆಂಕಕ್ಕ.

ಮಧ್ಯಾಹ್ನವೆಲ್ಲ ಮಿಂಚೋನ ಗಿಟಾರಿನ ಶ್ರುತಿ ಹಿಡಿಯುವುದರಲ್ಲೇ ಕಳೆಯಿತು. ಗಿಡ್ಡ ಕಂಬಳಿ ಹೊದ್ದು ಮಲಗಿದ ಹಾಗೆ, ಒಂದು ತಂತಿಯನ್ನು ಸರಿಮಾಡಿದರೆ ಉಳಿದ ಐದೂ ಜಾರುತ್ತಿದ್ದವು. ಪೆಂಕಕ್ಕ ಬಟ್ಟೆಗೆ ಹಾಕುವ ಕ್ಲಿಪ್ ತಂದು ಕುದುರೆಯ ಹಿಂದೆ ತುರುಕಿದಳು. ಕುದುರೆ ಅಲುಗದೆ ನಿಂತಿತು, ಶ್ರುತಿಯೂ ನಿಂತಿತು.

"ಕುಣಿಯೋ ಕುದುರೆ ಕಾಲು ಕಟ್ತೀಯಾ?" ಎಂದು ಮಿಂಚೋ ಕ್ಲಿಪ್ಪನ್ನು ಕಿತ್ತೆಸೆದ.

ಸಂಜೆ ನೆವೇನಾ ಬಂದಳು. ಕೂದಲು ನೆರೆತಿತ್ತು, ನಗು ಮಾತ್ರ ಅದೇ. ಲ್ಯುಬೆನ್ ಹಳೆಯ ಹಾಡು ಹಿಡಿದ, ಕಣ್ಣು ಮುಚ್ಚಿ ಸಲಾಕೆ ಒತ್ತಿದ. ಟಣ್! ತೆಳುವಾದ ತಂತಿ ಹರಿಯಿತು. ಭಾರ ಇಳಿದ ಕುದುರೆಯನ್ನು ಸ್ಪ್ರಿಂಗುಗಳು ಹಿಂದಕ್ಕೆಳೆದವು. ಉಳಿದ ಐದು ತಂತಿಗಳೂ ಬಾಲ ತುಳಿಸಿಕೊಂಡ ಬೆಕ್ಕುಗಳಂತೆ ಕಿರುಚಿದವು. ಲ್ಯುಬೆನ್ ಹೇಗೋ ಹಾಡು ಮುಗಿಸಿದ.

ನೆವೇನಾ ನಗುತ್ತಾ ಎದ್ದು ಬಂದಳು. "ಕಾಮೆನ್! ನೀನೇ ಅಲ್ವೇನೋ? ಗಡ್ಡದಲ್ಲಿ ಗುರುತೇ ಸಿಗ್ಲಿಲ್ಲ, ಅಪಸ್ವರದಲ್ಲಿ ಸಿಕ್ತು!"

ಕಾಮೆನ್ ಆ ತಂಡದ ಎರಡನೆಯ ಗಿಟಾರಿಗ. ಜೀವಮಾನದಲ್ಲಿ ಶ್ರುತಿಗೆ ಸೇರಿದವನಲ್ಲ.

"ನಮ್ಮ ಲ್ಯುಬೆನ್ ಎಲ್ಲಿ?"

ಇಷ್ಟು ಕೆಟ್ಟದಾಗಿ ಬಾರಿಸಿ 'ನಾನೇ' ಎನ್ನಲು ಲ್ಯುಬೆನ್‌ಗೆ ನಾಲಿಗೆ ಏಳಲಿಲ್ಲ. "ಅವನಾ... ಊರು ಬಿಟ್ಟು ಹೋದ."

ನೆವೇನಾಳ ನಗು ಆರಿತು. "ಅವನಿಗೋಸ್ಕರಾನೇ ಬಂದಿದ್ದೆ ಕಣೋ. ಆಗ ಒಂದು ಮಾತು ಹೇಳ್ತಾನೇನೋ ಅಂತ ಎಷ್ಟು ಕಾದಿದ್ದೆ! ಇರ್ಲಿ, ರಾತ್ರಿ ರೈಲಿಗೇ ಹೊರಡ್ತೀನಿ."

"ನೆವೇನಾ, ನಾನೇ ಲ್ಯುಬೆನ್!" ಎಂದು ಅವನು ಕೂಗಿಯೇಬಿಟ್ಟ.

ಅಷ್ಟರಲ್ಲಿ ಹಿಂದಿನ ಮೇಜಿನಲ್ಲಿ ಪೆಂಕಕ್ಕನೂ ಮಿಂಚೋನೂ ಎದ್ದು ನಿಂತು, "ಇನ್ನೊಂದು! ಇನ್ನೊಂದು!" ಎಂದು ಮೇಜು ಗುದ್ದುತ್ತಾ ಚಪ್ಪಾಳೆ ಹೊಡೆಯತೊಡಗಿದ್ದರು. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ. ನೆವೇನಾ ಕೋಟು ಹಾಕಿಕೊಂಡು, ತನ್ನ 'ಕಾಮೆನ್‌'ಗೆ ಕೈ ಬೀಸಿ, ಬಾಗಿಲು ದಾಟಿದಳು.