ನಮ್ಮತ್ತಿ ನರ್ಸಿಂಗ್ ಹೋಮ್ ಆರಿಸಿದ್ದು

ನಮ್ಮತ್ತಿಯ ಸಂಗಡ ಹೊಸ್ತಿಲು ದಾಟಿದರೆ ಸಾಕು, ಏನಾದರೊಂದು ಆಗಿಯೇ ತೀರುತ್ತಿತ್ತು. ಸಂತೆಗೆ ಹೋದರೂ ಆಗುತ್ತಿತ್ತು, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಆಗುತ್ತಿತ್ತು. ಅಂಥವರು ನನ್ನ ಹೆರಿಗೆಗೆಂದು ಹುಬ್ಬಳ್ಳಿಯ ನರ್ಸಿಂಗ್ ಹೋಮುಗಳನ್ನು ನೋಡಿ ಆರಿಸಲು ಹೊರಟರೆ ಸುಮ್ಮನೆ ಮುಗಿದೀತೆ?

ಐವತ್ತರ ದಶಕದ ಕೊನೆಯ ಮಾತು. ನಾವಾಗ ಹಾನಗಲ್ಲಿನಲ್ಲಿದ್ದೆವು. ಮನೆಯವರು ಅಲ್ಲಿಯ ಕನ್ನಡ ಸಾಲಿಯ ಮಾಸ್ತರು. ನನ್ನ ಮೊದಲನೆಯ ಹೆರಿಗೆ ಸವಣೂರಿನ ತವರಲ್ಲಿ ಆಗಿತ್ತು. ಕೂಸು ಉಳಿಯಲಿಲ್ಲ. ಆವತ್ತು ಅತ್ತಿ ಬಂದು ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಮುಂದಿಂದು ನನಗ ಬಿಡವಾ" ಅಂದಿದ್ದರು. ಎರಡನೆಯ ಸಲ ಬಸುರಾದೆ. ಎಂಟು ತುಂಬುವ ಹೊತ್ತಿಗೆ ನಮ್ಮೂರ ದವಾಖಾನೆಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಕೂಸಿನ ತಲೆ ಮೇಲೆ, ಕಾಲು ಕೆಳಗೆ ಇದೆ ಅಂದರು. ಇಲ್ಲಿ ಬೇಡ, ಹುಬ್ಬಳ್ಳಿಗೆ ಹೋಗಿರಿ ಅಂದರು. ಅಲ್ಲಿಂದ ಶುರುವಾಯಿತು.

ಯಾವ ದೇವರ ಹೋಮ?

ಮನೆಯವರು ಸಾಲಿಗೆ ಓಡುವ ಗಡಿಬಿಡಿಯಲ್ಲಿ ತಾಯಿಗೆ ಒಂದೇ ಮಾತು ಹೇಳಿ ಹೋದರು: "ಯವ್ವಾ, ಡಾಕ್ಟರು ಹುಬ್ಬಳ್ಳ್ಯಾಗ ನರ್ಸಿಂಗ್ ಹೋಮ್ ಆದ್ರ ಛಲೋ ಅಂದಾರ."

ಸಂಜೆ ತಿರುಗಿ ಬಂದು ನೋಡಿದರೆ ಪಡಸಾಲೆ ಸಾರಿಸಿದೆ. ತುಪ್ಪದ ಗಡಿಗೆ ಹೊರಗೆ ಬಂದಿದೆ. ಓಣಿಯ ಅಯ್ಯನವರು ಕಂಬಳಿಯ ಮೇಲೆ ಕೂತಿದ್ದಾರೆ. ಅತ್ತಿ ಅವರೊಡನೆ ವಾದಕ್ಕಿಳಿದಿದ್ದಾರೆ.

"ಅಲ್ರೀ ಅಯ್ಯಾರ, ನಾವು ಶಿವನ ಒಕ್ಕಲು. ನರಸಿಂಹನ ಹೋಮ ನಮಗ ಹೆಂಗ ನಡೀತೈತ್ರಿ? ಆ ಡಾಕ್ಟರಿಗರ ತಿಳೀಬಾರದ? ಅದರ ಬದಲಿ ವೀರಭದ್ರಗ ಮಾಡಿದ್ರ ಆಗಂಗಿಲ್ಲೇನು?"

ಅಯ್ಯನವರು ಗಂಭೀರವಾಗಿ, "ಕೂಸು ಉಲ್ಟಾ ಐತಿ ಅಂದಮ್ಯಾಲ ಉಗ್ರ ದೇವರ ಬೇಕವಾ. ಇಬ್ಬರೂ ಉಗ್ರರ. ನಡೀತೈತಿ" ಅನ್ನುತ್ತಿದ್ದರು.

ಮನೆಯವರು ಹಣೆ ಹಣೆ ಬಡಿದುಕೊಂಡರು. "ಯವ್ವಾ, ಹೋಮ ಅಲ್ಲ, ಹೋಮ್! ಹೋಮ್ ಅಂದ್ರ ಮನಿ. ನರ್ಸ್ ಬಾಯಾರು ಇರೂ ದವಾಖಾನಿ."

ಅತ್ತಿ ಸೆರಗು ಬಿಗಿದರು. "ಮನಿ ಅಂದಿ? ಹಂಗಾರ ನಾನ ಬಂದು ನೋಡತೇನಿ. ಹೆಣ್ಣು ಕೊಡೂ ಮುಂದ ಮನಿ ನೋಡದ ಕೊಡ್ತಾರೇನು? ನಾಕು ಮನಿ ನೋಡಿ ಒಂದು ಒಪ್ಪೂದು."

ಅಯ್ಯನವರು ಎದ್ದರು. ತುಪ್ಪದ ಗಡಿಗೆಯನ್ನೂ ಎತ್ತಿಕೊಂಡರು. "ದೇವರ ಹೆಸರಲೇ ಹೊರಗ ತಗದದ್ದು ಮತ್ತ ಒಳಗ ಇಡಬಾರದವಾ" ಅಂದು ನಡೆದೇಬಿಟ್ಟರು.

ಬಸ್ಸಿನ ಪಂಚಾಯಿತಿ

ನಾವು ಮೂವರೂ ಹುಬ್ಬಳ್ಳಿಯ ಬಸ್ಸು ಹತ್ತಿದ್ದೇ ತಡ, ಅತ್ತಿ ಪಕ್ಕದವಳಿಗೆ ನಮ್ಮ ಸುದ್ದಿ ಹೇಳಿದರು. ಆಕೆ ಹಿಂದಿನವಳಿಗೆ ಹೇಳಿದಳು. ಬಂಕಾಪುರ ಬರುವುದರೊಳಗೆ ನನ್ನ ಕೂಸಿನ ತಲೆ ಯಾವ ಕಡೆ ಇದೆ ಎನ್ನುವುದು ಡ್ರೈವರಿಗೂ ಗೊತ್ತಾಗಿತ್ತು.

ಶಿಗ್ಗಾವಿಯಲ್ಲಿ ಇನ್ನಷ್ಟು ಮಂದಿ ಹತ್ತಿದರು. ಈಗ ಬಸ್ಸಿನಲ್ಲಿ ಎರಡು ಪಕ್ಷವಾದವು. ಸ್ಟೇಷನ್ ಕಡೆಯ ನರ್ಸಿಂಗ್ ಹೋಮೇ ಛಲೋ ಎಂದು ಬಲಗಡೆಯವರು, ಪ್ಯಾಟಿಯೊಳಗಿನದೇ ಛಲೋ ಎಂದು ಎಡಗಡೆಯವರು. "ಅಲ್ಲಿ ಡಾಕ್ಟರು ಬರೇ ಬೈತಾರ್ರಿ" ಅಂತ ಒಬ್ಬಳು ಅಂದರೆ, "ಬೈದ್ರನ ಲಗೂ ಹಡೀತಾರ" ಅಂತ ಇನ್ನೊಬ್ಬಳು. ಕಂಡಕ್ಟರು ಟಿಕೀಟು ಹರಿಯುವುದನ್ನು ಬಿಟ್ಟು ತನ್ನ ತಂಗಿಯ ಹೆರಿಗೆಯ ಕಥೆ ಹೇಳಿದ. ಒಬ್ಬಳ ಬ್ಯಾನಿ ಮುಗಿದರೆ ಇನ್ನೊಬ್ಬಳ ಬ್ಯಾನಿ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ.

ಮುಂದಿನ ಸೀಟಿನಲ್ಲಿ ದವಡೆಗೆ ರುಮಾಲು ಕಟ್ಟಿಕೊಂಡ ಮುದುಕರೊಬ್ಬರು ಮೊದಲಿನಿಂದಲೂ ತುಟಿ ಬಿಚ್ಚಿರಲಿಲ್ಲ. ಅತ್ತಿ ಬಿಡಬೇಕಲ್ಲ. "ಅಜ್ಜಾರ, ನಿಮಗ ಯಾವುದು ಛಲೋ ಅನಸ್ತೈತ್ರಿ?"

ಮುದುಕರು ದವಡೆ ಹಿಡಿದುಕೊಂಡೇ ಹೇಳಿದರು: "ನಾ ಹಲ್ಲು ಕೀಳಸ್ಕೊಳ್ಳಾಕ ಹೊಂಟೇನ್ರಿ. ನಿಮ್ಮ ಮಾತು ಕೇಳಿದಮ್ಯಾಲ ಹಲ್ಲಿನ ನೋವ ಛಲೋ ಅನಸಾಕತ್ತೈತಿ."

ಕೇಳದೇ ಕೊಟ್ಟ ಶರಬತ್ತು

ಮೊದಲು ಬಲಗಡೆಯವರ ನರ್ಸಿಂಗ್ ಹೋಮಿಗೆ ಹೋದೆವು. ಮನೆಯವರು ಮ್ಯಾನೇಜರನ್ನು ಹುಡುಕುತ್ತ ಹೋದರು. ಅತ್ತಿ ಪರೀಕ್ಷೆ ಶುರು ಮಾಡಿದರು. ಗೋಡೆ ಬೆರಳಿನಿಂದ ಉಜ್ಜಿ ನೋಡಿದರು. ಕಿಟಕಿ ತೆಗೆದು ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿದರು. ಖಾಲಿ ಕಾಟು ಕಂಡಿತು. "ಗಟ್ಟಿ ಐತೋ ಇಲ್ಲೋ ಮಲಗದ ಹೆಂಗ ತಿಳೀಬೇಕು" ಎಂದು ಕಾಲು ಚಾಚಿ ಮಲಗಿದರು. ಬಸ್ಸಿನಲ್ಲಿ ಮಾತಾಡಿ ದಣಿದ ಜೀವ, ಕಣ್ಣು ಹತ್ತಿಬಿಟ್ಟಿತು.

ನಾನು ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದೆ. ನರ್ಸ್ ಒಬ್ಬಳು ದೊಡ್ಡ ಗ್ಲಾಸು ಹಿಡಿದು ಲಗುಬಗೆಯಿಂದ ಒಳಗೆ ಹೋದಳು. ನಾನು ಎದ್ದು ನಿಲ್ಲುವಷ್ಟರಲ್ಲಿ ಖಾಲಿ ಗ್ಲಾಸು ಹಿಡಿದು ಹೊರಗೆ ಬಂದಳು. ಅವಳ ಹಿಂದೆಯೇ ಅತ್ತಿ, ಬಾಯಿ ಒರೆಸಿಕೊಳ್ಳುತ್ತ.

"ಮಂದಿ ಅಂದ್ರ ಇವರು ನೋಡವಾ! ಗುರ್ತಿಲ್ಲ, ಪರಿಚಯ ಇಲ್ಲ, ಎಬ್ಬಿಸಿ ಶರಬತ್ತು ಕೊಟ್ರು. ನಾ ಪೂರಾ ಕುಡದೇನಿ. ಸ್ವಲ್ಪ ಒಗರು ಅಷ್ಟ."

ಅಷ್ಟರಲ್ಲಿ ಮನೆಯವರ ಸಂಗಡ ಮ್ಯಾನೇಜರು ಬಂದರು. ಆ ಕಾಟಿನ ಮುದುಕಿ ಎಲ್ಲಿ, ಮರುದಿನ ಆಕೆಯ ಆಪರೇಷನ್ ಇದೆ, ಜುಲಾಬಿನ ಔಷಧ ಕುಡಿದಳೋ ಇಲ್ಲವೋ ಎಂದು ನರ್ಸನ್ನು ಕೇಳಿದರು.

ಅತ್ತಿಯ ಮುಖ ನಿಧಾನಕ್ಕೆ ಬದಲಾಯಿತು. "ತಮ್ಮಾ," ಅಂದರು ಮಗನಿಗೆ, "ಟಾಂಗಾ ತರಸು. ಇನ್ನೊಂದು ಮನಿ ನೋಡೂಣು. ಲಗೂ!"

ಸರಪಳಿ

ಎಡಗಡೆಯವರ ನರ್ಸಿಂಗ್ ಹೋಮಿನ ಮುಂದೆ ಟಾಂಗಾ ನಿಲ್ಲುವ ಮೊದಲೇ ಅತ್ತಿ ಇಳಿದಿದ್ದರು. ಬಾಗಿಲಲ್ಲಿದ್ದ ಕಂಪೌಂಡರು ನಮಸ್ಕಾರ ಅಂದ. ಅವರು ನಮಸ್ಕಾರ ಅನ್ನಲಿಲ್ಲ. "ಸಂಡಾಸ ಎಲ್ಲಿ?" ಅಂದರು.

ನಮ್ಮೂರಲ್ಲಿ ಆಗ ಚೊಂಬು ಹಿಡಿದು ಹಳ್ಳದ ದಂಡೆಗೆ ಹೋಗುವ ಕಾಲ. ಇಲ್ಲೋ ತಲೆಯ ಮೇಲೆ ಕಬ್ಬಿಣದ ನೀರಿನ ಪೆಟ್ಟಿಗೆ, ಅದಕ್ಕೊಂದು ಸರಪಳಿ. ಕೂತಲ್ಲಿಂದ ಏಳಲು ಆಸರೆ ಬೇಕೆಂದು ಅತ್ತಿ ಅದನ್ನೇ ಹಿಡಿದು ಜಗ್ಗಿದರು. ಗಡಗಡ ಸದ್ದಾಯಿತು. ಅವರು ಚೀರಿದ್ದು ರಸ್ತೆಗೂ ಕೇಳಿಸಿತು.

"ಓಡ್ರಿ! ಮದಗದ ಕೆರಿ ಒಡೀತು!"

ಅವರ ತವರು ಮಾಸೂರು. ಹುಟ್ಟಿದಾಗಿನಿಂದ ಆ ಮದಗದ ಕೆರೆಯ ಪಕ್ಕದಲ್ಲಿ ಬೆಳೆದವರು. ಕಂಪೌಂಡರು ನಗು ತಡೆದುಕೊಂಡು ಎಲ್ಲ ತಿಳಿಸಿ ಹೇಳಿದ. ಶರಬತ್ತಿನ ದಯೆಯಿಂದ ಅವರು ಮತ್ತೆ ಮತ್ತೆ ಒಳಗೆ ಹೋಗಿ ಬಂದರು. ಹೆದರಿಕೆ ಹೋಯಿತು. ಕಡೆಕಡೆಗೆ ಕೆಲಸವಿಲ್ಲದಿದ್ದರೂ ಒಳಗೆ ಹೋಗಿ ಸರಪಳಿ ಜಗ್ಗಿ ಬರತೊಡಗಿದರು.

ಸಾಕಾಗಿ ಬೆಂಚಿನ ಮೇಲೆ ಒರಗಿ ತೀರ್ಪು ಕೊಟ್ಟರು: "ತಮ್ಮಾ, ಮನಿ ಪಸಂದ ಆತು. ಇನ್ನ ಹಿರ್ಯಾರ್ನ ಕರಿ, ಮಾತಾಡೂಣು."

ಡಾಕ್ಟರಬಾಯಿಯ ಪರೀಕ್ಷೆ

ಹಿರಿಯರು ಅಂತ ಬಂದವರು ಲೇಡಿ ಡಾಕ್ಟರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿದ್ದಾರು. ಅತ್ತಿ ಅವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ನಿಮಗ ಮಕ್ಕಳೆಷ್ಟವಾ?"

"ನನಗಿನ್ನೂ ಲಗ್ನ ಆಗಿಲ್ರಿ."

ಅತ್ತಿ ಮಗನ ಕಡೆ ತಿರುಗಿದರು. ಮೆಲ್ಲಗೆ ಅಂದುಕೊಂಡು ಜೋರಾಗಿಯೇ ಹೇಳಿದರು: "ತಾನ ಹಡೀದಾಕಿ ನನ್ನ ಸೊಸೀನ ಹೆಂಗ ಹಡಸ್ತಾಳೋ?"

ಮನೆಯವರು ನೆಲ ನೋಡಿದರು. ನಾನು ಮಾಡು ನೋಡಿದೆ. ಡಾಕ್ಟರಬಾಯಿ ಮಾತ್ರ ಕುರ್ಚಿ ಎಳೆದು ಅತ್ತಿಯ ಎದುರಿಗೇ ಕೂತರು.

"ನಿಮ್ಮನ್ಯಾಗ ಎಮ್ಮಿ ಅದಾವೇನ್ರಿ?"

"ಎರಡದಾವ."

"ಅವು ಈಯೂಮುಂದ ಯಾರು ಕೈ ಹಚ್ಚತಾರ?"

"ನಮ್ಮ ಮನಿಯವರ. ಊರಾಗ ಯಾರ ಎಮ್ಮಿ ತೊಡಕಾದ್ರೂ ಅವರ್ನ ಕರೀತಾರ." ಅತ್ತಿಗೆ ಗಂಡನ ಬಗ್ಗೆ ಬಲು ಅಭಿಮಾನ.

"ಹೌದ್ರಿ? ಅವರು ಎಷ್ಟು ಸಲ ಈದಾರ?"

ಅತ್ತಿಗೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಆಗಲೇ ದಣಿದಿದ್ದ ಹೊಟ್ಟೆ ಅದು. ನಗುತ್ತಲೇ ಎದ್ದು ಸರಪಳಿಯ ಕಡೆ ಓಡಿದರು. ಹೋಗುತ್ತ ಕೂಗಿ ಹೇಳಿದರು: "ತಮ್ಮಾ, ಹೆಸರು ಬರಸು! ಇದ ಮನಿ, ಇಕಿನ ಡಾಕ್ಟರು!"

ಇಬ್ಬರ ಹೆರಿಗೆ, ಒಬ್ಬರ ಕೂಗು

ಬ್ಯಾನಿ ಶುರುವಾದಾಗ ನಾವು ಹುಬ್ಬಳ್ಳಿಯಲ್ಲೇ ನನ್ನ ಚಿಕ್ಕವ್ವನ ಮನೆಯಲ್ಲಿದ್ದೆವು. ಬೆಳಿಗ್ಗೆ ಆಸ್ಪತ್ರೆ ಸೇರಿದೆ. ಹೆರಿಗೆಯ ಕೋಣೆಗಳು ಎರಡು, ಒಂದರ ಪಕ್ಕ ಒಂದು. ಬಂಕಾಪುರದ ಹುಡುಗಿಯೊಬ್ಬಳು ಪಕ್ಕದ ಕೋಣೆಯಲ್ಲಿದ್ದಳು. ಅತ್ತಿಯನ್ನು ಒಳಗೆ ಬಿಡಲಿಲ್ಲ. "ಬಾಗಿಲ ಹೊರಗ ನಿಂತೇನಿ, ಹೆದರಬ್ಯಾಡ" ಅಂದರು. ನಿಂತರು ಕೂಡ. ನಡುವೆ ನೀರು ಕುಡಿಯಲು ಹೋಗಿ ಬಂದವರು ಪಕ್ಕದ ಬಾಗಿಲಿಗೆ ನಿಂತರು.

ಆ ಬಾಗಿಲ ಮುಂದೆ ಅವರು ಕೂಗಿದ ಕೂಗು! "ತಿಣಕವಾ! ತಿಣಕು! ಉಸರ ಬಿಡಬ್ಯಾಡ! ಹಲ್ಲು ಕಚ್ಚು! ಈ ಸಲ ಬಿಡೂದಿಲ್ಲ, ನಾ ಇಲ್ಲೇ ಅದೇನಿ!" ಗೋಡೆಯಾಚೆಯಿಂದ ನನಗೂ ಕೇಳುತ್ತಿತ್ತು. ಇವರ್ಯಾಕೆ ಅಷ್ಟು ದೂರ ಹೋಗಿ ಕೂಗುತ್ತಿದ್ದಾರೆ ಅನ್ನಿಸಿತು.

ನನ್ನದು ಸುಲಭವಿರಲಿಲ್ಲ. ಕಾಲು ಬಂದಿತ್ತು, ತಲೆ ಬರಲಿಲ್ಲ. ಡಾಕ್ಟರಬಾಯಿ ಮಾತು ನಿಲ್ಲಿಸಿದ್ದರು. ಸವಣೂರಿನ ಆ ದಿನ ನನ್ನ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಪಕ್ಕದಿಂದ ಕೂಸು ಅತ್ತ ಸದ್ದು. ಅದರ ಹಿಂದೆ ಅತ್ತಿಯ ದನಿ, ಇಡೀ ಆಸ್ಪತ್ರೆಗೆ ಕೇಳುವಂತೆ: "ಗಂಡು! ನನ್ನ ಸೊಸಿ ಹಡದ್ಲು! ಸಕ್ಕರಿ ಹಂಚೋ ತಮ್ಮಾ!"

ನಾನು ದಿಗಿಲಿನಿಂದ ಡಾಕ್ಟರ ಮುಖ ನೋಡಿದೆ. ಅವರು ತಲೆ ಎತ್ತದೆ ಅಂದರು: "ನಿಮ್ಮತ್ತಿ ಆಗಲೇ ಹಡಸಿ ಸಕ್ಕರಿ ಹಂಚಾಕತ್ತಾರ. ನೀನ ನೋಡು ತಡಾ ಮಾಡಾಕತ್ತಿ."

ಅಂಥ ಬ್ಯಾನಿಯಲ್ಲೂ ನನಗೆ ನಗು ಬಂದುಬಿಟ್ಟಿತು. ಹೊಟ್ಟೆಯೆಲ್ಲ ಕುಲುಕಿತು. "ಇನ್ನೊಮ್ಮೆ!" ಅಂದರು ಡಾಕ್ಟರಬಾಯಿ. ಕೂಸು ಹೊರಗೆ ಬಂತು. ಒಂದು ಗಳಿಗೆ ಸದ್ದಿಲ್ಲ. ಬೆನ್ನ ಮೇಲೆ ಏಟು ಬಿದ್ದಿತು. ಆಮೇಲೆ ಅತ್ತಿತು. ಹೆಣ್ಣು ಕೂಸು, ಗಟ್ಟಿ ದನಿ.

ನರ್ಸ್ ಹೋಗಿ ಹೇಳಿದ ಮೇಲೆ ಅತ್ತಿ ಒಳಗೆ ಬಂದರು. ಕೂಗಿ ಕೂಗಿ ಗಂಟಲು ಪೂರಾ ಬಿದ್ದುಹೋಗಿತ್ತು. ಜೀವನದಲ್ಲಿ ಮೊದಲ ಸಲ ಅವರಿಗೆ ಮಾತಾಡಲು ಆಗಲಿಲ್ಲ. ಕೂಸನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಿಂದ ನನ್ನ ಕೆನ್ನೆ ಸವರುತ್ತ ಕೂತರು. ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು.

ಮರುದಿನ ಬಂಕಾಪುರದ ಹುಡುಗಿಯ ಕಾಟೂ ನನ್ನ ಕಾಟೂ ಒಂದೇ ಕೋಣೆಯಲ್ಲಿ. ಅವಳ ಮನೆಯವರು ಅತ್ತಿಯ ಕಾಲಿಗೆ ಬಿದ್ದು, "ನಿಮ್ಮ ಧೈರ್ಯದಿಂದ ನಮ್ಮ ಹುಡುಗಿ ಹಡದ್ಲು" ಅಂದರು. ಅತ್ತಿ ದನಿಯಿಲ್ಲದೆ, ದೊಡ್ಡಸ್ತಿಕೆಯಿಂದ ತಲೆ ಆಡಿಸಿದರು. ಅವರೆಲ್ಲ ಹೊರಗೆ ಹೋದ ಮೇಲೆ ಆ ಹುಡುಗಿ ನನ್ನ ಕಡೆ ಹೊರಳಿ ಮೆತ್ತಗೆ ಹೇಳಿದಳು:

"ಅಕ್ಕಾ, ಧೈರ್ಯ ಅಲ್ರಿ. ಒಳಗ ಬ್ಯಾನಿ, ಹೊರಗ ಆ ದನಿ. ಆ ಅಜ್ಜಿ ಬಾಗಲಾ ಮುರಕೊಂಡು ಒಳಗ ಬರೂದ್ರಾಗ ಹಡದು ಮುಗಸಬೇಕಂತ ಅಂಜಿ ಹಡದೇನ್ರಿ!"