ಹೀರೋಗೆ ಎಣ್ಣೆಗಾಯಿ ಬಡಿಸಿದ ಕಥೆ

ಬೈಲಹೊಂಗಲದಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಆದರೆ ತೊಂಬತ್ತರ ದಶಕದಲ್ಲಿ ಜನ ನನ್ನ ಹತ್ತಿರ ಬಟ್ಟೆಗಿಂತ ಸಿನಿಮಾ ವಿಷಯ ಕೇಳಲೆಂದೇ ಬರುತ್ತಾರೆ ಎಂದು ನಾನು ನಂಬಿದ್ದೆ. ಅದರಲ್ಲೂ ಒಬ್ಬ ಹೊಡೆದಾಟದ ಹೀರೋನ ವಿಷಯ. ಅವರ ಹೆಸರು ಹೇಳುವುದಿಲ್ಲ. ಹೇಳಲು ನನಗೆ ಮುಖವಿಲ್ಲ. ಅವರ ಯಾವ ಪಿಕ್ಚರ್ ಬಂಗಾರ, ಯಾವುದು ಬೆಳ್ಳಿ, ಯಾವುದು ಬರೀ ತಗಡು ಎಂದು ಗಿರಾಕಿಗಳಿಗೆ ಲುಂಗಿ ಹರಿದುಕೊಡುತ್ತಲೇ ತೀರ್ಪು ಕೊಡುತ್ತಿದ್ದೆ. ನನ್ನ ಹೆಂಡತಿ ಶಿವಲೀಲಾ ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಕೇಳಿ ಬೆರಗಾದಳು. ಆಮೇಲೆ ಬರೀ ಕೇಳಿದಳು. ಆಮೇಲೆ ಅದೂ ಇಲ್ಲ.

ಮಾವನವರದು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ. ಹೊಲಮನೆ ಕಂಡವರು, ಮಾತು ಕಡಿಮೆ. ಒಂದು ದಿನ ಅಂಗಡಿಗೆ ಅವರ ಫೋನ್ ಬಂತು. ತೊರಗಲ್ ಕೋಟೆಯಲ್ಲಿ ನನ್ನ ಅದೇ ಹೀರೋನ ಶೂಟಿಂಗ್ ನಡೆದಿದೆಯಂತೆ. ಎತ್ತಿನ ಚಕ್ಕಡಿ ಬೇಕೆಂದವರಿಗೆ ಮಾವ ತಮ್ಮ ಚಕ್ಕಡಿ ಹೊಡೆದುಕೊಂಡು ಹೋಗಿದ್ದರಂತೆ. ನಿರ್ದೇಶಕರು ಚಕ್ಕಡಿ ಬಿಟ್ಟು ಮಾವನನ್ನೇ ನೋಡಿ, ಊರ ಹಿರಿಯನ ಪಾತ್ರಕ್ಕೆ ಆರಿಸಿದರಂತೆ. ಹೀರೋ ಬಂದು ಎರಡೂ ಕೈಯಿಂದ ಕಾಲು ಮುಟ್ಟುತ್ತಾನೆ, ಹಿರಿಯ ಹರಸುತ್ತಾನೆ. ಇಷ್ಟೇ. ಆದರೆ ಇಡೀ ಸಾಲಹಳ್ಳಿ ಆ ಹರಕೆಗಾಗಿ ಕಾಯುತ್ತಿತ್ತು. ಆ ಖುಷಿಗೆ ಮಾವ ಹೀರೋಗೆ ಮನೆಯ ಊಟ ತರುತ್ತೇನೆಂದು ಮಾತು ಕೊಟ್ಟಿದ್ದರು.

“ಅವರ ಜೋಡಿ ಏನ ಮಾತಾಡಬೇಕೋ ನನಗ ತಿಳಿಯಂಗಿಲ್ಲ ಅಳಿಯಾರ,” ಎಂದರು. “ನಿಮಗ ಅವರ ಪಿಕ್ಚರ್ ಎಲ್ಲಾ ಗೊತ್ತಾವು. ನೀವು ಬಂದ್ರ ನನಗ ಒಂದು ಧೈರ್ಯ.”

ನಾನು ಆ ಕ್ಷಣವೇ ಅಂಗಡಿಗೆ ಬೀಗ ಹಾಕಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೀರೋನ ಜೊತೆ ಆಡಬೇಕಾದ ಮಾತುಗಳನ್ನು ಜೋಡಿಸಿದೆ. ಬಡಿಸುವುದನ್ನು ತಾನು ನೋಡಿಕೊಳ್ಳುತ್ತೇನೆ, ನೀವು ಸುಮ್ಮನೆ ನಿಂತರೆ ಸಾಕು ಎಂದು ಪಕ್ಕದಲ್ಲಿ ಕೂತಿದ್ದ ಶಿವಲೀಲಾ ಹೇಳಿದ್ದು ನೆನಪಿದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೋಟೆಯ ಬಾಗಿಲ ನೆರಳಿನಲ್ಲಿ ಜಮಖಾನ ಹಾಸಿ ಊಟಕ್ಕೆ ಅಣಿ ಮಾಡಿದ್ದರು. ಊಟವಾದ ಮೇಲೆ ಮಾವನ ದೃಶ್ಯ. ಅವರು ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಪಟಕ ಸುತ್ತಿ, ಮಡಿಕೆ ಕೆಡಬಾರದೆಂದು ಕೂರದೆ ನಿಂತೇ ಇದ್ದರು. ಹೀರೋ ಬಂದರು. ಅದೇ ದೃಶ್ಯದ ಹಾಲುಬಿಳುಪಿನ ಜುಬ್ಬಾ ಮೈಮೇಲಿತ್ತು. ಮಾವ ನನ್ನನ್ನು ಮುಂದೆ ಮಾಡಿ, ಇವರು ನಮ್ಮ ಅಳಿಯಂದಿರು, ನಿಮ್ಮ ಎಲ್ಲ ಪಿಕ್ಚರ್ ನೋಡಿದವರು ಎಂದು ಪರಿಚಯಿಸಿದರು. ಆ ದನಿಯಲ್ಲಿದ್ದ ಹೆಮ್ಮೆ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

“ಹೌದಾ?” ಎಂದರು ಹೀರೋ, ರೊಟ್ಟಿ ಮುರಿಯುತ್ತ. “ನಿಮಗೆ ತುಂಬಾ ಇಷ್ಟವಾದದ್ದು ಯಾವುದು?”

ಜೀವಮಾನವಿಡೀ ನಾನು ಕಾದಿದ್ದ ಪ್ರಶ್ನೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬೇರೆ ಉತ್ತರ ಹೊರಗೆ ಬಂತು. ಓಡುವ ರೈಲಿನಿಂದ, ಕಂಕುಳಲ್ಲಿ ಮಗುವನ್ನಿಟ್ಟುಕೊಂಡು, ಕುದುರೆಯ ಮೇಲೆ ಹಾರುವ ದೃಶ್ಯವನ್ನು ನಾನು ರೈಲಿನ ಸದ್ದಿನ ಸಮೇತ ವರ್ಣಿಸಿದೆ. ಅಂಥ ಜಿಗಿತ ಈ ನಾಡಿನಲ್ಲಿ ಬೇರೆ ಯಾರಿಂದಲೂ ಸಾಧ್ಯವಿಲ್ಲ ಎಂದು ಮುಗಿಸಿದೆ.

ಹೀರೋ ಅಗಿಯುವುದನ್ನು ನಿಲ್ಲಿಸಿದರು. “ಅದು ನಾನಲ್ಲ,” ಎಂದು ಮೆಲ್ಲಗೆ ಹೇಳಿದರು. ಹಾಗೆ ಹಾರಿದ್ದು ಅವರ ಎದುರಾಳಿ ಹೀರೋ. ಇನ್ನೊಂದು ತುಂಡು ರೊಟ್ಟಿ ಮುರಿದು ಅವರೇ ಸೇರಿಸಿದರು: “ಆ ಕಥೆ ಮೊದಲು ನನ್ನ ಹತ್ತಿರಾನೇ ಬಂದಿತ್ತು. ನಾನೇ ಬೇಡ ಅಂದೆ.”

ಆ ಪಿಕ್ಚರ್ ಎಷ್ಟು ವಾರ ಓಡಿತೆಂದು ನನಗೆ ಗೊತ್ತಿತ್ತು. ಪುಣ್ಯಕ್ಕೆ ಅದನ್ನು ಹೇಳಲಿಲ್ಲ. ಹೇಳಿದ್ದು ಅದಕ್ಕಿಂತ ಕೆಟ್ಟದ್ದು. ಕೂಡಲೇ ಮಾತು ತಿರುಗಿಸಿ, ಅವರು ಕುರುಡನಾಗಿ ಬೆತ್ತ ಬೀಸಿ ಹೊಡೆದಾಡುವ ಪಿಕ್ಚರ್ ಹೊಗಳಿದೆ. ಅವರ ಮುಖ ಅರಳಿತು. ಅದನ್ನು ಟಾಕೀಸಿನಲ್ಲೇ ನೋಡಿದಿರಾ ಎಂದು ಕೇಳಿದರು.

“ಟಾಕೀಸಿನ್ಯಾಗ ರೀ. ಭಾಳ ಆರಾಮ ನೋಡಿದೆ,” ಎಂದೆ. “ಒಬ್ಬರೂ ಇರಲಿಲ್ಲ. ಬೆಂಚಿನ ಮ್ಯಾಲೆ ಕಾಲು ಚಾಚಿ ಅಡ್ಡಾಗಿದ್ದೆ.”

ಹೀರೋನ ಹಿಂದೆ ನಿಂತಿದ್ದ ಅವರ ಸಹಾಯಕ ಕೆಮ್ಮಿದ. ಅದು ಹೀರೋ ಮನೆ ಒತ್ತೆಯಿಟ್ಟು ತಾವೇ ತೆಗೆದ ಪಿಕ್ಚರ್ ಎಂಬುದು ನನಗೆ ಆಮೇಲೆ ತಿಳಿಯಿತು.

ಇಷ್ಟಕ್ಕೆ ಬಾಯಿ ಮುಚ್ಚಿದ್ದರೆ ಊಟವಾದರೂ ಸುಸೂತ್ರವಾಗುತ್ತಿತ್ತು. ಆದರೆ ಜನರಿಲ್ಲದಿದ್ದರೂ ಆ ಹೊಡೆದಾಟ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ ಎಂದು ಸಾಬೀತು ಮಾಡಬೇಕಿತ್ತಲ್ಲ. ಶಿವಲೀಲಾಳ ಕೈಯಿಂದ ಎಣ್ಣೆಗಾಯಿಯ ಪಾತ್ರೆ ಇಸಿದುಕೊಂಡು, ಬಡಿಸುವ ನೆಪದಲ್ಲಿ ಹೀರೋನ ಎದುರು ನಿಂತು, ಕಣ್ಣು ಮುಚ್ಚಿ, ಸೌಟನ್ನು ಬೆತ್ತದಂತೆ ಬೀಸಿದೆ. ಸೌಟು ತುಂಬಿತ್ತು. ಕಣ್ಣು ತೆರೆದಾಗ ಜುಬ್ಬಾದ ಬಲತೋಳಿನ ಮೇಲೆ ಅರ್ಧ ಬದನೆಕಾಯಿ ಕುಳಿತಿತ್ತು.

ಸಹಾಯಕ ಓಡಿ ಬಂದ. ಅಂಥ ಜುಬ್ಬಾ ಇನ್ನೊಂದು ಇರಲಿಲ್ಲ. ಸಿನಿಮಾದಲ್ಲಿ ಸೋತರೇನಂತೆ, ಬಟ್ಟೆಯಲ್ಲಿ ನಾನು ಪಂಡಿತನಲ್ಲವೇ? ಎಲ್ಲರನ್ನೂ ಸರಿಸಿ, ಸಾಬೂನು ತರಿಸಿ, ತೋಳನ್ನು ತಿಕ್ಕಿದೆ. ಅರಿಶಿಣದ ಕಲೆಗೆ ಸಾಬೂನು ತಾಗಿದರೆ ಏನಾಗುತ್ತದೆಂದು ಬಟ್ಟೆ ಒಗೆಯುವ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಒಗೆಯದೆ ಬರೀ ಮಾರುವವನಿಗೆ ತಿಳಿಯುವುದಿಲ್ಲ. ಹಳದಿ ಕಲೆ ನೋಡನೋಡುತ್ತ ರಕ್ತದಷ್ಟು ಕೆಂಪಾಯಿತು.

ನಿರ್ದೇಶಕರು ಅದನ್ನು ನೋಡಿ ತಲೆಯ ಮೇಲೆ ಕೈಹೊತ್ತರು. “ಕಥೆಯಲ್ಲಿ ಇನ್ನೂ ಏಟೇ ಬಿದ್ದಿಲ್ಲ,” ಎಂದರು. “ಈ ರಕ್ತಕ್ಕೆ ಏನು ಹೇಳ್ಲಿ?”

ಸಂಜೆ ಅವರು ತೊರಗಲ್ ಬಿಡಬೇಕಿತ್ತು, ಬಿಸಿಲು ಇಳಿಯುತ್ತಿತ್ತು. ಕಾಲು ಮುಟ್ಟಲು ಎರಡೂ ಕೈ ಮುಂದೆ ಬರಬೇಕು. ಬಲಗೈ ಮುಂದೆ ಬಂದರೆ ಕಲೆ ಕಾಣುತ್ತದೆ. ಆದ್ದರಿಂದ ಹೀರೋ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೋಟೆಯ ಬಾಗಿಲಿನಿಂದ ನಡೆದು ಬರುವುದಷ್ಟನ್ನೇ ತೆಗೆದು ಸಾಮಾನು ಕಟ್ಟಿದರು. ಮಾವ ಹರಸಲೆಂದು ತಯಾರಾದವರು ಹಾಗೆಯೇ ನಿಂತಿದ್ದರು. ಆಮೇಲೆ ಒಂದು ತಂಬಿಗೆ ನೀರು ತಂದು, “ಕೈ ತೊಳಕೋರಿ,” ಎಂದು ನನಗೆ ಕೊಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪಿಕ್ಚರ್ ರಾಮದುರ್ಗಕ್ಕೆ ಬಂದಾಗ ಮನೆಮಂದಿಯೆಲ್ಲ ಟ್ರ್ಯಾಕ್ಟರಿನಲ್ಲಿ ಹೋದೆವು. ಹೀರೋ ಬೆನ್ನ ಹಿಂದೆ ಕೈಕಟ್ಟಿ ಕೋಟೆಯಿಂದ ಹೊರಬಂದರು. ಟಾಕೀಸು ಸಿಳ್ಳೆಯಿಂದ ನಡುಗಿತು. ಹೊಸ ಸ್ಟೈಲ್ ಎಂದುಕೊಂಡರು ಜನ. ಮುಂದೆ ಕೆಲವು ತಿಂಗಳು ಬೈಲಹೊಂಗಲದ ಹುಡುಗರೆಲ್ಲ ಹಾಗೆಯೇ ನಡೆದರು. ತೆರೆಯ ಮೇಲೆ ಮರುಕ್ಷಣವೇ ಹೀರೋ ಬೇರೆ ಅಂಗಿಯಲ್ಲಿ, ಬೇರೆ ಯಾವುದೋ ಊರಿನಲ್ಲಿ, ಒಬ್ಬ ಹಿರಿಯರ ಕಾಲು ಮುಟ್ಟಿದರು. ಮಾವ ಆ ಹಿರಿಯರನ್ನು ದಿಟ್ಟಿಸಿ ನೋಡಿದರು.

“ಮೀಸಿ ಅಂಟಿಸ್ಯಾರ,” ಎಂದರು. ಅಷ್ಟೇ.

ಹೊರಗೆ ಬಂದಾಗ ಅವರ ಪರಿಚಯದವರೊಬ್ಬರು ಪಿಕ್ಚರ್ ಹೇಗಿದೆ ಎಂದು ಕೇಳಿದರು. ಮಾವ ನನ್ನ ಕಡೆ ಕೈ ತೋರಿಸಿ, “ನಮ್ಮ ಅಳಿಯಾರನ್ನ ಕೇಳ್ರಿ. ಅವರಿಗೆ ಎಲ್ಲಾ ಗೊತ್ತೈತಿ,” ಎಂದರು. ಆ ಮಾತಿನಲ್ಲಿ ಕುಹಕವನ್ನು ಹುಡುಕಿದೆ. ಸಿಗಲಿಲ್ಲ.

“ಪಿಕ್ಚರ್ ಬಗ್ಗೆ ನನಗ ಅಷ್ಟ ತಿಳಿಯಂಗಿಲ್ಲರೀ,” ಎಂದೆ.

ಶಿವಲೀಲಾ ಹೌದೆಂದು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಟ್ರ್ಯಾಕ್ಟರ್ ಹತ್ತಿದಳು. ಮದುವೆಯಾದಾಗಿನಿಂದ ನಾನು ಸಿನಿಮಾದ ಬಗ್ಗೆ ಆಡಿದ ಒಂದು ಮಾತನ್ನಾದರೂ ಅವಳು ಪೂರ್ತಿ ಒಪ್ಪಿದ್ದು ಅದೇ ಮೊದಲು.