ನನ್ನ ಅಳತೆಯ ಅಡುಗೆ ಕಟ್ಟೆ

“ಮಾಮಾ, ಆ ದಾರ ಯಾಕ ಕೆಳಗ ಇಳಿಸಾಕತ್ತೀರಿ?” ಎಂದು ನಾನು ಒದರಿದೆ.

ಶಿವಪ್ಪ ಗೌಂಡಿ ಬೆಚ್ಚಿಬಿದ್ದ. ಹೊಸ ಮನೆಯ ಅಡುಗೆ ಕಟ್ಟೆ ಎಷ್ಟು ಎತ್ತರ ಎಂದು ಗೋಡೆಗೆ ಹಿಡಿದ ದಾರ ಅವನ ಕೈಯಲ್ಲೇ ಇತ್ತು. ಪಕ್ಕದಲ್ಲಿ ನನ್ನ ಹೆಂಡತಿ ಸವಿತಾ. ಇಬ್ಬರೂ ನನ್ನನ್ನು ಕಂಡು ಮಾತು ನಿಲ್ಲಿಸಿದರು. ಸಿಕ್ಕಿಬಿದ್ದರು!

ನನಗೆ ಮೊದಲಿನಿಂದಲೂ ಸಂಶಯ. ನಾವು ಕರಜಗಿಯವರು. ಗೌಂಡಿ ಶೇಗಾಂವದವನು, ಸವಿತಾಳ ತವರೂ ಶೇಗಾಂವ. ಅವಳಿಗೆ ‘ಮಗಳ’ ಅನ್ನುತ್ತಾನೆ, ನನಗೆ ‘ಅಳಿಯಾರ’. ಊರ ಅಳಿಯನಿಗೆ ಎದುರು ಮಾತಾಡಬಾರದಂತೆ. ನಾನು ಏನು ಹೇಳಿದರೂ “ಆತ್ರಿ” ಅಂದು ನಗುತ್ತಾನೆ. ಯಾವುದಕ್ಕೂ ಬೇಡ ಅನ್ನದ ಗೌಂಡಿಯನ್ನು ನಂಬುವುದು ಹೇಗೆ?

ಪಾಯಾ ತೋಡುವ ಮುಂಚೆ ಸುಣ್ಣದ ಪುಡಿಯಿಂದ ಗೆರೆ ಎಳೆದಾಗಲೇ ಸಂಚು ಶುರುವಾಗಿತ್ತು. ಅಡುಗೆಮನೆ ದೊಡ್ಡದು, ಹಾಲ್ ಸಣ್ಣದು!

“ಕುಂತ ರೊಟ್ಟಿ ಬಡ್ಯಾಕ ಜಾಗಾ ಬೇಕಲ್ರಿ,” ಅಂದಳು ಸವಿತಾ.

ರೊಟ್ಟಿಯಂತೆ! ಶೇಗಾಂವದ ಹೆಂಗಸರೆಲ್ಲ ಬಂದು ಕೂತು ನನ್ನ ಬಗ್ಗೆ ಮಾತಾಡಲಿಕ್ಕೆ ಜಾಗ. ಕಾಲಿನಿಂದ ಗೆರೆ ಅಳಿಸಿ, ಅಡುಗೆಮನೆಯೊಳಕ್ಕೆ ಸರಿಸಿ ಎಳೆದೆ. ಅಲ್ಲಿ ಇನ್ನು ಯಾರೂ ಕೂರುವಂತಿಲ್ಲ, ನಿಲ್ಲಬೇಕು. ಹಾಲ್ ಮಾತ್ರ ಬಯಲಾಟ ಆಡುವಷ್ಟಾಯಿತು.

“ಆತ್ರಿ ಅಳಿಯಾರ,” ಅಂದ ಗೌಂಡಿ. ನಕ್ಕ.

ಆದರೆ ನಿಂತುಕೊಂಡೇ ಪಿಸುಗುಟ್ಟಬಹುದಲ್ಲ? ಆದ್ದರಿಂದ ನಡುವಿನ ಗೋಡೆಯಲ್ಲಿ ದೊಡ್ಡ ಕಿಂಡಿ ಬಿಡಿಸಿದೆ. ಸೋಫಾದಲ್ಲಿ ಕೂತವನಿಗೆ ಒಳಗಿನದೆಲ್ಲ ಕಾಣಬೇಕು, ಕೇಳಬೇಕು.

“ಮಂದಿ ಬಂದಾಗ ಒಳಗ ನಿಂತಾವ್ರು ಪೂರಾ ಕಾಣತಾರಲ್ರಿ,” ಅಂದಳು ಸವಿತಾ.

“ಕಾಣ್ಲಿ! ತಪ್ಪ ಮಾಡದಾವ್ರಿಗೆ ಅಂಜಿಕಿ ಯಾಕ?”

ಈಗ ಈ ದಾರ. ಕಟ್ಟೆ ತಗ್ಗಾದರೆ ಇಟ್ಟಿಗೆ ಉಳಿಯುತ್ತವೆ. ಉಳಿದ ಇಟ್ಟಿಗೆ ಎಲ್ಲಿಗೆ ಹೋಗುತ್ತವೆ? ಶೇಗಾಂವಕ್ಕೆ, ನಮ್ಮ ಮಾವನ ಎಮ್ಮೆ ಕೊಟ್ಟಿಗೆಗೆ! ನಾನೇನು ಹುಚ್ಚನೆ?

“ಮಗಳ ಎತ್ತರ ನೋಡಿ ಹಿಡದೇನ್ರಿ,” ಅಂದ ಗೌಂಡಿ.

“ಮನಿ ಯಾರದ್ರಿ?”

“ನಿಮ್ಮದ್ರಿ.”

“ಹಂಗಾರ ನನ್ನ ಎತ್ತರಕ್ಕ ಕಟ್ರಿ!”

ನಮ್ಮ ಓಣಿಯಲ್ಲಿ ನನ್ನಷ್ಟು ಉದ್ದ ಯಾರೂ ಇಲ್ಲ. ಸವಿತಾ ನನ್ನ ಎದೆಗೆ ಬರುತ್ತಾಳೆ. ನಾನು ದಾರವನ್ನು ನನ್ನ ಸೊಂಟದವರೆಗೆ ಏರಿಸಿ, ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದೆ.

“ನೋಡ, ಬೆನ್ನ ಬಗ್ಗಸೂದ ಬ್ಯಾಡ. ಪುಣೇದಾಗ ರೂಮ್ ಮಾಡಿದ್ದಾಗ ನಾನ ಬಡೀತಿದ್ನಿ. ನನಗ ಹೇಳಾಕ ಬರತಿ?”

ಸವಿತಾ ಸಿಟ್ಟಾಗಲಿಲ್ಲ. ನಾನು ಸಂಶಯ ಪಡಬೇಕಾದದ್ದು ಆಗ. ಪಡಲಿಲ್ಲ!

“ಆತು. ವಾಸ್ತುಶಾಂತಿ ದಿನ ನನಗ ಇಲ್ಲಿ ರೊಟ್ಟಿ ಬಡ್ಯಾಕ ಆಗ್ಲಿಲ್ಲಂದ್ರ ನೀವ ಬಡೀಬೇಕು, ಅವತ್ತಿಂದ ದಿನಾ. ಕಾಕಾ, ನೀ ಸಾಕ್ಷಿ.”

“ಬಡೀತೀನಿ ತಗೋ!” ಅಂದೆ.

ವಾಸ್ತುಶಾಂತಿಯ ದಿನ ಶೇಗಾಂವವೇ ಬಂತು. ಹಾಲ್ ದೊಡ್ಡದಿದೆ ಎಂದು ಕೇಳಿ ಕರೆಯದವರೂ ಬಂದರು. ಜತ್ತದ ಪೇಟೆಯಿಂದ ತಂದ ಸೋಫಾದಲ್ಲಿ ಮಾವ ಕೂತ. ನನಗೆ ಜಾಗ ಉಳಿಯಲಿಲ್ಲ.

ಒಳಗೆ ಸವಿತಾ ಕಟ್ಟೆಯ ಮುಂದೆ ತುದಿಗಾಲಲ್ಲಿ ನಿಂತಳು. ಕೈ ಹಿಟ್ಟಿಗೆ ಮುಟ್ಟಿತು, ಮೈಭಾರ ಬೀಳಲಿಲ್ಲ. ಹಿಟ್ಟು ಮುದ್ದೆಯಾಗಿಯೇ ಕೂತಿತು. ಕೆಳಗೆ ಕೂತು ಬಡಿಯಲು ಜಾಗವಿಲ್ಲ. ನಾನು ಓಡಿಹೋಗಿ ಮಣೆ ತಂದೆ.

“ಮಣಿ ಹತ್ತಿ ರೊಟ್ಟಿ ಬಡ್ಯಾಕ ನಾ ಸರ್ಕಸ್‌ದಾಕಿ ಏನ್ರಿ?” ಎಂದು ಕೈ ಒರೆಸಿಕೊಂಡು, ಹಿಟ್ಟಿನ ಪರಾತ ನನ್ನ ಮುಂದೆ ಸರಿಸಿದಳು. “ಹೂಂ. ಲಗೂನ. ಮಂದಿ ಹಸದಾರ.”

ಬಡಿದೆ. ಮೊದಲನೆಯ ರೊಟ್ಟಿಗೆ ಮೂಲೆಗಳಿದ್ದವು! ಎರಡನೆಯದು ಅರ್ಧ ಹಂಚಿನಲ್ಲಿ, ಅರ್ಧ ನನ್ನ ಕೈಯಲ್ಲಿ. ಕಿಂಡಿಯ ಆಚೆ ಇಡೀ ಶೇಗಾಂವ ಸಾಲಾಗಿ ಕೂತು ನೋಡುತ್ತಿತ್ತು.

“ತಿರುವಿ ಬಡೀರಿ ಅಳಿಯಾರ, ತಿರುವಿ!” ಅಂದ ಮಾವ.

“ಕಟ್ಟಿ ಎತ್ತರ ಬರೋಬ್ಬರಿ ಐತಲ್ರಿ?” ಅಂದ ಗೌಂಡಿ. ನಕ್ಕ.

ಕಿಂಡಿ ಮಾತ್ರ ಭಾರಿ ಕೆಲಸ ಮಾಡಿತು. ಹೆಂಗಸರು ಹಾಲ್‌ನಲ್ಲಿ ಆರಾಮ ಕೂತು ನನ್ನ ಬಗ್ಗೆ ಆಡಿದ ಒಂದೊಂದು ಮಾತೂ ನನಗೆ ಸ್ವಚ್ಛ ಕೇಳಿಸಿತು.

ಅವತ್ತಿನಿಂದ ನಾನೇ ಬಡಿಯುತ್ತಿದ್ದೇನೆ. “ಇವ್ರಂಗ ತೆಳ್ಳಗ ರೊಟ್ಟಿ ಶೇಗಾಂವದಾಗೂ ಯಾರೂ ಬಡಿಯೂದಿಲ್ಲ,” ಎಂದು ಸವಿತಾ ಬಂದವರಿಗೆಲ್ಲ ಹೇಳುತ್ತಾಳೆ. ಆ ಹೊಗಳಿಕೆಯ ಮೇಲೆ ನನಗೆ ಭಾರಿ ಸಂಶಯವಿದೆ.

ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ. ಹಂಚು ಕಾದಿದೆ.